ಕೆನ್ನೆಯ ಹಸಿರು

೨೦೨೦ರಲ್ಲಿ ನಾನು ಜಪಾನಿನ ಸೆಂಡಾಯ್‌ನ ವಿಶ್ವವಿದ್ಯಾಲಯವೊಂದರಲ್ಲಿ ಫಂಗಸ್ ಸಂಶೋಧಕಿಯಾಗಿದ್ದೆ. ಕನ್ನಡದ ಗೆಳತಿಯರ ಉಪ್ಪಿನಕಾಯಿ ಜಾಡಿಯಿಂದ ಹಿಡಿದು ಹಳೆಯ ಗ್ರಂಥಗಳವರೆಗೆ, ಎಲ್ಲಿ ಬೂಷ್ಟು ಹಿಡಿದರೂ ನನಗೇ ಕರೆ ಬರುತ್ತಿತ್ತು. ಅದರ ಬಗ್ಗೆ ಜಂಬವೂ ಇತ್ತು.

ಆ ಮಳೆಗಾಲ, ಕೋವಿಡ್‌ನಿಂದ ಮುಚ್ಚಿದ್ದ ಸಣ್ಣ ಮ್ಯೂಸಿಯಂ ಒಂದರಲ್ಲಿ ತೇವ ನಿಯಂತ್ರಿಸುವ ಯಂತ್ರ ಕೆಟ್ಟು, ಹಲಗೆಯ ಮೇಲೆ ಬರೆದ ಇಟಲಿಯ, ಐನೂರು ವರ್ಷ ಹಳೆಯ ಮೇರಿ ಮಾತೆಯ ಚಿತ್ರಕ್ಕೆ ಬೂಷ್ಟು ಹತ್ತಿತು. ಗಡಿ ಮುಚ್ಚಿದ್ದರಿಂದ ಇಟಲಿಯ ತಜ್ಞರು ಬರುವಂತಿರಲಿಲ್ಲ. ಮ್ಯೂಸಿಯಂನ ಚಿತ್ರಸಂರಕ್ಷಕ ಇಶಿದಾ-ಸಾನ್ ಜಪಾನೀ ಚಿತ್ರಗಳಲ್ಲಿ ಪಳಗಿದವರು; ಮುಂದಿನ ಮಾರ್ಚ್‌ನಲ್ಲಿ ಅವರ ನಿವೃತ್ತಿ. ಅವರೇ ನನ್ನನ್ನು ಕರೆಸಿದರು.

ಹಲಗೆಯ ಬೆನ್ನಿನಿಂದ ತೆಗೆದ ಸ್ಯಾಂಪಲ್‌ನಲ್ಲಿ ಹಸಿರು ಫಂಗಸ್ ಬೆಳೆಯಿತು. ಮಾತೆಯ ಎಡಗೆನ್ನೆಯಲ್ಲೂ ಕಡಲೆಬೇಳೆಯಷ್ಟು ಹಸಿರು ಕಾಣುತ್ತಿತ್ತು. ಅಲ್ಲಿಂದಲೂ ಸ್ಯಾಂಪಲ್ ತೆಗೆಯೋಣವೇ ಎಂದು ಇಶಿದಾ-ಸಾನ್ ಮೆಲ್ಲಗೆ ಕೇಳಿದರು.

"ಇದೂ ಅದೇ. ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ," ಎಂದೆ.

ಅವರು ಹಲ್ಲುಗಳ ನಡುವೆ ಉಸಿರೆಳೆದುಕೊಂಡರು. ಜಪಾನಿನಲ್ಲಿ ಹಾಗೆ ಮಾಡಿದರೆ ಬೇಡ ಎಂದೇ ಅರ್ಥ. ಹನ್ನೊಂದು ವರ್ಷ ಅಲ್ಲಿದ್ದ ನನಗೆ ಅದು ಚೆನ್ನಾಗಿ ಗೊತ್ತಿತ್ತು.

ಮದ್ಯಸಾರದಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದೆ. ಒರೆಸಿದಷ್ಟೂ ಹಸಿರು ಹರಡಿತು. ಬೂಷ್ಟು ಆಳಕ್ಕೆ ಇಳಿದಿದೆ ಎಂದುಕೊಂಡು ಮತ್ತೆ ಒರೆಸಿದೆ. ಆಮೇಲೆ ಕಡ್ಡಿಯ ತುದಿ ನೋಡಿದೆ. ಅದು ಗುಲಾಬಿ ಬಣ್ಣವಾಗಿತ್ತು.

ವಿಡಿಯೋ ಕಾಲ್‌ನಲ್ಲಿ ಇಟಲಿಯ ತಜ್ಞೆ ವಿವರಿಸಿದರು. ಆ ಕಾಲದವರು ಪಾಪ್ಲರ್ ಮರದ ಹಲಗೆಗೆ ಅಂಟು ಬೆರೆಸಿದ ಜಿಪ್ಸಮ್ ಬಳಿದು, ಉಜ್ಜಿ ನುಣುಪು ಮಾಡಿ, ಮುಖಕ್ಕೆ ಮೊದಲು ಹಸಿರು ಮಣ್ಣಿನ ಬಣ್ಣ ಹಚ್ಚುತ್ತಿದ್ದರು. ಮೊಟ್ಟೆಯ ಹಳದಿಯಲ್ಲಿ ಕಲಸಿದ ಗುಲಾಬಿಯನ್ನು ಅದರ ಮೇಲೆ ಸಣ್ಣ ಸಣ್ಣ ಗೆರೆಗಳಾಗಿ ಎಳೆದಾಗ ಚರ್ಮಕ್ಕೆ ಜೀವ ಬರುತ್ತಿತ್ತು. ಗುಲಾಬಿ ಸವೆದ ಕಡೆ ಹಸಿರು ಇಣುಕಿತ್ತು. ಸುತ್ತ ಉಳಿದಿದ್ದ, ತೇವಕ್ಕೆ ಸಡಿಲವಾಗಿದ್ದ ಗುಲಾಬಿಯನ್ನು ನಾನು ಒರೆಸಿ ತೆಗೆದಿದ್ದೆ.

ಯಾರ ಕೈಯಿಂದ ಹೀಗಾಯಿತೆಂದು ವರದಿಯಲ್ಲಿ ಬರೆಯಬೇಕಿತ್ತು. ಇಶಿದಾ-ಸಾನ್ ತಮ್ಮ ಹೆಸರನ್ನೇ ಬರೆದು, ಸಹಿ ಮಾಡಿ, ನನಗೆ ತೋರಿಸಿದರು.

"ತಡೀಬೇಕಾಗಿದ್ದವನು ನಾನು," ಎಂದರು.

ಆ ತಿಂಗಳೇ ನನ್ನ ಕಾಂಟ್ರಾಕ್ಟ್, ಅದರ ಜೊತೆಗೆ ವೀಸಾ, ನವೀಕರಣವಾಗಬೇಕಿತ್ತು. ನಾನು ಓದಿ, ತಲೆಬಾಗಿಸಿ, ಹಾಳೆ ಹಿಂದಿರುಗಿಸಿದೆ. ಮಾರ್ಚ್‌ನಲ್ಲಿ, ಅಷ್ಟು ವರ್ಷ ದುಡಿದ ಇಶಿದಾ-ಸಾನ್ ಬೀಳ್ಕೊಡುಗೆಯಿಲ್ಲದೆ ಮನೆಗೆ ಹೋದರು. ಕೋವಿಡ್ ಕಾರಣ ಎಂದರು ಮ್ಯೂಸಿಯಂನವರು.

ಬೇರೊಬ್ಬರು ಆ ಕೆನ್ನೆಗೆ ಮತ್ತೆ ಗುಲಾಬಿ ತುಂಬಿದ್ದಾರೆ. ನೋಡುವವರಿಗೆ ಏನೂ ತಿಳಿಯದು. ನನಗೆ ಮಾತ್ರ ಮುಖ ತೊಳೆದು ಕನ್ನಡಿ ನೋಡಿದಾಗ ಎಡಗೆನ್ನೆಯಲ್ಲಿ ಹಸಿರು ಕಾಣುತ್ತದೆ. ಆಗ ಭಯವಾಗುತ್ತದೆ, ನಾಚಿಕೆಯೂ ಆಗುತ್ತದೆ.

ಅನುಭವವಿದೆಯೆಂದು ಪರೀಕ್ಷೆ ಬಿಡಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದೆ. ವೃತ್ತಿ ಕಲಿಸಿದ ಪಾಠದಲ್ಲಿ ಅದು ಅರ್ಧ ಮಾತ್ರ. ಉಳಿದರ್ಧಕ್ಕಾಗಿ, ಕೆಲಸ ಬಿಟ್ಟ ಮೇಲೆ, ವರದಿಯಲ್ಲಿ ನನ್ನ ಹೆಸರು ಹಾಕಿ ಎಂದು ಮ್ಯೂಸಿಯಂಗೆ ಪತ್ರ ಬರೆದೆ. ಸಹಿ ಮಾಡಿದವರೇ ಬಂದು ತಿದ್ದಬೇಕು ಎಂದು ವಿನಯದಿಂದ ಉತ್ತರಿಸಿದರು.

ಇಶಿದಾ-ಸಾನ್ ತೀರಿಕೊಂಡು ಎರಡು ವರ್ಷವಾಗಿದೆ.