ಎರೆಹೊಲಕ್ಕೆ ಸಪಾಟು ಟೈರು

ಹುಬ್ಬಳ್ಳಿ ಗೋಪನಕೊಪ್ಪದ ದಾಕ್ಷಾಯಿಣಿಯ ಬದುಕು ನಿಂತಿದ್ದು ಎರಡು ಚಕ್ರಗಳ ಮೇಲೆ. ಹೊಟ್ಟೆಪಾಡಿಗೆ ಗಿರಣಿಯ ಕಲ್ಲು, ಹುಚ್ಚಿಗೆ ಸೈಕಲ್ಲು. ದಿನವಿಡೀ ಓಣಿಯ ಜೋಳ, ಗೋಧಿ ಬೀಸಿ, ಸಂಜೆ ತಲೆಯ ಹಿಟ್ಟು ಕೊಡವಿಕೊಂಡು ಹೆಲ್ಮೆಟ್ಟು ಹಾಕಿಕೊಂಡರೆ ಮುಗಿಯಿತು, ಉಣಕಲ್ ಕೆರೆಯ ಕಡೆಗೆ ಮಾಯ.

"ಏನವಾ, ನಲವತ್ತು ದಾಟಿತು, ಇನ್ನೂ ಚಡ್ಡಿ ಹಾಕ್ಕೊಂಡು ಸೈಕಲ್ ಹೊಡೀತಿ. ಗಂಡ ಏನೂ ಅನ್ನಂಗಿಲ್ಲೇನು?" ಎಂದು ಹಿಟ್ಟಿಗೆ ಬಂದ ಶರಣವ್ವ ಕೇಳುತ್ತಿದ್ದಳು.

"ಅಂತಾರ್ರಿ ಎವ್ವಾ. ಗಿರಣಿ ಸಪ್ಪಳದಾಗ ನನಗ ಕೇಳಸಂಗಿಲ್ಲ."

ಅವಳು ಹೊಡೆಯುತ್ತಿದ್ದುದು ಸೈಕ್ಲೋಕ್ರಾಸ್. ರಸ್ತೆಯಲ್ಲಿ ಸುಖವಾಗಿ ಓಡಬೇಕಾದ ಸೈಕಲ್ಲನ್ನು ಹೊಲ, ಹಳ್ಳ, ಹುಲ್ಲು, ಕಲ್ಲಿಗೆ ಅಟ್ಟಿ, ಅದು ಎಲ್ಲಿ ಓಡಲಾರದೋ ಅಲ್ಲಿ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ನೀವೇ ಓಡುವ ಆಟ. ಅರ್ಧ ದಾರಿ ನೀವು ಸವಾರರು, ಇನ್ನರ್ಧ ದಾರಿ ಸೈಕಲ್ಲೇ ಸವಾರ.

ಈ ಆಟದಲ್ಲಿ ಕಾಲಿನಷ್ಟೇ ಟೈರೂ ಮುಖ್ಯ. ಧಾರವಾಡದ ಕಡೆಯ ಕೆಂಪು ನೆಲ ಒಣಗಿದ್ದರೆ ಬೊಚ್ಚುಬಾಯಿಯ ಸಪಾಟು ಟೈರು ಸಾಕು, ಸುಯ್ಯನೆ ಓಡುತ್ತದೆ. ಹುಬ್ಬಳ್ಳಿಯಾಚೆಯ ಕಪ್ಪು ಜಿಗುಟು ಎರೆಮಣ್ಣಿಗೆ ಮಳೆ ಬಿದ್ದರೆ ಮಾತ್ರ ಟೈರಿಗೆ ಹಲ್ಲು ಬೇಕು, ಹಲ್ಲಿನ ನಡುವೆ ಅಗಲವಾದ ಸಂದೂ ಬೇಕು. ಇಲ್ಲದಿದ್ದರೆ ಮಣ್ಣು ಕಚ್ಚಿಕೊಂಡು ಚಕ್ರವೇ ಒರಳಾಗುತ್ತದೆ. ಇನ್ನು ಒಳಗಿನ ಟ್ಯೂಬು. ಹವಾ ಕಡಿಮೆ ಇಟ್ಟರೆ ಟೈರು ನೆಲವನ್ನು ಅಪ್ಪಿಕೊಳ್ಳುತ್ತದೆ, ಆದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನಡಿ ಸಿಕ್ಕು ಹಾವು ಕಚ್ಚಿದಂತೆ ಜೋಡಿ ತೂತು. ಹೆಚ್ಚಿಟ್ಟರೆ ಟ್ಯೂಬು ಉಳಿಯುತ್ತದೆ, ಸವಾರರು ಉರುಳುತ್ತಾರೆ. ಜಾಲಿಮುಳ್ಳಿಗಂತೂ ಯಾರ ಹವಾ ಎಷ್ಟೆಂಬ ಮುಲಾಜಿಲ್ಲ.

ಇದನ್ನೆಲ್ಲ ದಾಕ್ಷಾಯಿಣಿ ಒಬ್ಬಳೇ ಕಲಿತದ್ದಲ್ಲ. ಧಾರವಾಡದ ಮಾಳಮಡ್ಡಿಯ ನಿರುಪಮಾ ಜೊತೆಗಿದ್ದಳು. ಕಾಲೇಜಿನಲ್ಲಿ ಗಣಿತ ಕಲಿಸುವವಳು, ಓರಗೆಯವಳು. ಪಂದ್ಯವೊಂದರಲ್ಲಿ ಇಬ್ಬರೂ ಒಂದೇ ಗುಂಡಿಗೆ ಬಿದ್ದು ಪರಿಚಯವಾದವರು. ಅಂದಿನಿಂದ ಅವರಲ್ಲೊಂದು ಪದ್ಧತಿ ಬೆಳೆದಿತ್ತು. ಪಂದ್ಯದ ಹಿಂದಿನ ಸಂಜೆ ಗಿರಣಿಯ ಹಿಂದಿನ ಕೋಣೆಯಲ್ಲಿ ಕೂಡುವುದು, ನೆಲ ಎಂಥದೆಂದು ಚರ್ಚಿಸಿ ಇಬ್ಬರಿಗೂ ಒಂದೇ ಬಗೆಯ ಟೈರು, ಟ್ಯೂಬು ಹಾಕುವುದು, ಒಂದೇ ಪಂಪಿನಿಂದ ಒಂದೇ ಹವಾ ತುಂಬುವುದು. ಕೊನೆಗೆ ಇವಳ ಟೈರನ್ನು ಅವಳು, ಅವಳದನ್ನು ಇವಳು ಹೆಬ್ಬೆರಳಿನಿಂದ ಒತ್ತಿ ನೋಡಿ "ಇನ್ನ ಕಾಲಿನ ಆಟ" ಎಂದು ಚಹಾ ಕುಡಿದು ಏಳುವುದು. ಗೆದ್ದವಳು ಕಾಲಿನಿಂದ ಗೆದ್ದಳು, ಅಷ್ಟೇ. ಸೋತವಳಿಗೆ ದೂರಲು ಏನೂ ಉಳಿಯುತ್ತಿರಲಿಲ್ಲ.

ಈ ಸಲದ ಜಿಲ್ಲಾ ಪಂದ್ಯ ಶಿರಗುಪ್ಪಿಯಲ್ಲಿ, ದಾಕ್ಷಾಯಿಣಿಯ ತವರಿನಲ್ಲಿ. ನಲವತ್ತು ದಾಟಿದ ಹೆಂಗಸರಲ್ಲಿ ಗೆದ್ದ ಒಬ್ಬಳು ಮಾತ್ರ ಕಾರವಾರದ ಕಡಲ ದಂಡೆಯ ರಾಜ್ಯ ಪಂದ್ಯಕ್ಕೆ ಹೋಗಬಹುದು. ಹೋದ ವರ್ಷ ನಿರುಪಮಾ ಹೋಗಿದ್ದಳು. ಈ ವರ್ಷ ದಾಕ್ಷಾಯಿಣಿ ಬೇಸಿಗೆಯಿಡೀ ಬೆಣ್ಣೆಹಳ್ಳದ ಉಸುಕಿನಲ್ಲಿ ಸೈಕಲ್ಲು ಹೊಡೆದಿದ್ದಳು. ಕಾರವಾರವನ್ನು ಕಾಣದೆಯೇ ಕಾರವಾರಕ್ಕೆ ತಯಾರಾಗಿದ್ದಳು. ನೃಪತುಂಗ ಬೆಟ್ಟದ ಏರಿನಲ್ಲಿ ನಿರುಪಮಾ ಹಿಂದೆ ಬೀಳತೊಡಗಿ ಎರಡು ತಿಂಗಳಾಗಿತ್ತು. ಅದನ್ನು ದಾಕ್ಷಾಯಿಣಿ ಬಾಯಿಬಿಟ್ಟು ಆಡಿ ತೋರಿಸಿರಲಿಲ್ಲ. ಗೆಳೆತನದಲ್ಲಿ ಕೆಲವನ್ನು ಹಿಂದೆ ತಿರುಗಿ ನೋಡಬಾರದು.

ಪಂದ್ಯದ ದಾರಿ ಸಾಲೆಯ ಮೈದಾನ, ಕೆರೆಯ ಏರಿ ದಾಟಿ, ಅವಳ ತಮ್ಮ ಶಾಂತಯ್ಯನ ಹೊಲದ ಮೇಲೆ ಹಾಯುತ್ತಿತ್ತು. ಹೆಸರುಬೆಳೆ ಕಿತ್ತು, ಹಿಂಗಾರಿ ಬಿತ್ತನೆಗೆ ಕಾಯುತ್ತಿದ್ದ ಅಪ್ಪಟ ಎರೆಹೊಲ. ಸಾಲದ್ದಕ್ಕೆ ಎರಡು ದಿನ ಬಿಟ್ಟೂಬಿಡದೆ ಮಳೆ. ಹಿಂದಿನ ಸಂಜೆ ಇಬ್ಬರೂ ಕೂಡಿದಾಗ ದಾಕ್ಷಾಯಿಣಿ ಸಹಜವಾಗಿ ಹಲ್ಲಿನ ಟೈರಿಗೇ ಕೈ ಹಾಕಿದಳು.

"ಬ್ಯಾಡ ದಾಕ್ಷಾ," ಎಂದಳು ನಿರುಪಮಾ. ಅವಳು ಪಂದ್ಯದ ಕಮಿಟಿಯಲ್ಲೂ ಇದ್ದಳು. "ಹೊಲದ ದಾರಿಗೆ ಪೂರ್ತಿ ಕಲ್ಲುಗರಸು ಹಾಕಿ ಗಟ್ಟಿ ಮಾಡಬೇಕಂತ ಕಮಿಟಿಯೊಳಗ ಠರಾವು ಆಗ್ಯದ. ಗರಸಿನ ಮ್ಯಾಲೆ ಹಲ್ಲಿನ ಟೈರು ಬರೇ ಗುರ್ ಅಂತದ, ಓಡಂಗಿಲ್ಲ. ಸಪಾಟು ಹಾಕು, ದಪ್ಪ ಟ್ಯೂಬು ಹಾಕು, ಹವಾ ಬಿಗಿ ಇಡು."

"ಗರಸು ಹಾಕಾಕ ನಮ್ಮ ಶಾಂತಯ್ಯ ಹೂಂ ಅಂದ್ನೇನು?"

"ನಾನ ಮಾತಾಡೀನಿ ಅವರ ಕೂಡ."

ದಾಕ್ಷಾಯಿಣಿ ಹಲ್ಲಿನ ಟೈರನ್ನು ಮತ್ತೆ ಮೊಳೆಗೆ ತೂಗುಹಾಕಿದಳು. ಎರೆಹೊಲದಲ್ಲಿ ಒಂದು ಹರಳು ಕಂಡರೂ ಹೆಕ್ಕಿ ಬದುವಿಗೆ ಎಸೆಯುವ ಮನೆಯಲ್ಲಿ ಹುಟ್ಟಿದವಳು ಅವಳು. ಬಂಗಾರದಂಥ ಹೊಲಕ್ಕೆ ಟ್ರ್ಯಾಕ್ಟರುಗಟ್ಟಲೆ ಗರಸು ಸುರಿಯಲು ತಮ್ಮ ಬಿಟ್ಟಾನೆಂದು ಅವಳು ನಂಬಿದ್ದಾದರೂ ಹೇಗೆ? ಶಿರಗುಪ್ಪಿಯ ಯಾವ ಕೂಸೂ ನಂಬುತ್ತಿರಲಿಲ್ಲ. ಆದರೆ ಹೇಳಿದವಳು ನಿರುಪಮಾ. ತಮ್ಮನಿಗೆ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಗೆಳತಿಯ ಮಾತನ್ನು ಪರೀಕ್ಷೆಗೆ ಹಚ್ಚಿದಂತಾಗುತ್ತದೆ ಎಂದು ಅದನ್ನೂ ಮಾಡಲಿಲ್ಲ. ಇಬ್ಬರೂ ಸಪಾಟು ಟೈರು ಹಾಕಿ, ಹವಾ ತುಂಬಿ, ಹೆಬ್ಬೆರಳು ಒತ್ತಿ, ಚಹಾ ಕುಡಿದು ಎದ್ದರು.

ಮರುದಿನ ಮುಂಜಾನೆ ಶಿರಗುಪ್ಪಿಯ ಸಾಲೆಯ ಮುಂದೆ ಎಲ್ಲರೂ ಗೆರೆಗೆ ಬಂದು ನಿಂತಾಗ ದಾಕ್ಷಾಯಿಣಿಯ ಕಣ್ಣು ಪಕ್ಕದ ಸೈಕಲ್ಲಿನ ಮೇಲೆ ಬಿತ್ತು. ಟೈರು ಹಲ್ಲು ಕಿರಿದು ನಿಂತಿತ್ತು.

"ನಿರೂ, ಇದೇನ ಇದು?"

"ಮನಸ್ಸು ಬದಲಾತು. ರಾತ್ರಿ ಸುಮ್ಮನ ಹಾಕ್ಕೊಂಡೆ," ಎಂದು ನಿರುಪಮಾ ಹ್ಯಾಂಡಲ್ಲನ್ನೇ ನೋಡುತ್ತ ಹೇಳಿದಳು. ಅಷ್ಟರಲ್ಲಿ ಸೀಟಿ ಊದಿತು.

ಮೈದಾನದಲ್ಲಿ, ಕೆರೆಯ ಏರಿಯ ಮೇಲೆ ದಾಕ್ಷಾಯಿಣಿಯೇ ಮುಂದು. ಮನಸ್ಸಿನೊಳಗೆ ಎದ್ದ ಪ್ರಶ್ನೆಯನ್ನು ಪೆಡಲಿನಡಿ ತುಳಿಯುತ್ತ ಹೊಲದ ಬಾಯಿಗೆ ಬಂದಳು. ಗರಸಿನ ಒಂದು ಬೊಗಸೆಯೂ ಇರಲಿಲ್ಲ. ಮಳೆಯಲ್ಲಿ ನಾದಿದಂತಿದ್ದ ಕರಿಮಣ್ಣು ಹೊಳೆಯುತ್ತಿತ್ತು. ಹತ್ತು ಮಾರು ಹೋಗುವಷ್ಟರಲ್ಲಿ ಸಪಾಟು ಟೈರು ಮಣ್ಣಿನ ಕಡಬಾಗಿ, ಚಕ್ರ ಚೌಕಟ್ಟಿಗೆ ಸಿಕ್ಕು ನಿಂತುಬಿಟ್ಟಿತು. ಇಳಿದು ಹೆಗಲಿಗೇರಿಸಿದಳು. ಜೋಳದ ಚೀಲವನ್ನೇ ಎತ್ತಿ ರೂಢಿಯಾದ ಹೆಗಲೂ ಬಾಗಿತು.

ಬದುವಿನ ಮೇಲೆ ನಿಂತಿದ್ದ ಶಾಂತಯ್ಯ ಕೂಗಿದ. "ಅಕ್ಕಾ, ಈ ಟೈರು ಯಾಕ ಹಾಕ್ಕೊಂಡು ಬಂದಿ?"

"ಗರಸು ಎಲ್ಲೈತೋ?"

"ಯಾವ ಗರಸು? ಈ ಹೊಲಕ್ಕ ಗರಸು ಹಾಕಾಕ ನನಗೇನು ತಲಿ ಕೆಟ್ಟೈತೇನು? ನಿನ್ನೆ ಮುಂಜಾನೇನ ನಿನ್ನ ಗೆಳತಿಗೆ ಹೇಳೇನಲ್ಲ, ಸಾಧ್ಯ ಇಲ್ರೀ ಅಂತ. ಅಕ್ಕಗೂ ಹೇಳ್ರಿ, ಟೈರು ಬದಲಿ ಮಾಡ್ಕೊಳ್ಳಲಿ ಅಂದೆ, ಹೇಳ್ತೀನಿ ಅಂದ್ರು. ಅದಕ್ಕ ನಾ ಫೋನ್ ಮಾಡ್ಲಿಲ್ಲ."

ಅವರ ನಡುವಿನಿಂದ ನಿರುಪಮಾ ಚರಚರನೆ ಮಣ್ಣು ಸಿಡಿಸುತ್ತ ದಾಟಿಹೋದಳು. ಎರೆಮಣ್ಣಿಗೆ ಹಲ್ಲಿನ ಸಂದು ಎಷ್ಟಗಲ ಬೇಕು, ಹವಾ ಎಷ್ಟು ಇಳಿಸಬೇಕು ಎಂದು ಅವಳಿಗೆ ಕಲಿಸಿದವಳು ದಾಕ್ಷಾಯಿಣಿಯೇ. ಕಲಿತವಳು ಚೆನ್ನಾಗಿಯೇ ಕಲಿತಿದ್ದಳು.

ಪ್ರತಿ ಸುತ್ತಿನಲ್ಲೂ ಆ ಹೊಲವನ್ನು ಹೊತ್ತುಕೊಂಡೇ ದಾಟಿ ದಾಕ್ಷಾಯಿಣಿ ಕೊನೆಯವಳಾಗಿ ಬಂದಳು. ಗೆದ್ದವಳು ನಿರುಪಮಾ. ಪೆಂಡಾಲಿನ ಹಿಂದೆ ನಿರುಪಮಾ ನೀರಿನ ಬಾಟಲಿ ಚಾಚಿದಳು. ಇವಳು ತೆಗೆದುಕೊಳ್ಳಲಿಲ್ಲ.

"ನಾ ಸುಳ್ಳು ಹೇಳಿಲ್ಲ ದಾಕ್ಷಾ. ಠರಾವು ಆಗಿದ್ದು ಖರೇ. ನಿಮ್ಮ ತಮ್ಮನ ಕೂಡ ಮಾತಾಡಿದ್ದೂ ಖರೇ."

"ಹೌದವಾ. ಎರಡು ಖರೇ ಕೂಡಿಸಿದ್ರ ಒಂದು ಸುಳ್ಳಾಗೋ ಲೆಕ್ಕ ನಿಮ್ಮ ಕಾಲೇಜಿನ್ಯಾಗ ಕಲಸ್ತಾರೇನು?"

"ಇದು ನನಗ ಕಡೀ ವರ್ಷ ಆಗಿತ್ತು. ನಿನ್ನ ಕಾಲು ಇನ್ನೂ ಗಟ್ಟಿ ಅವ. ಮುಂದಿನ ವರ್ಷ ನೀ ಹೋಗಬಹುದು."

"ಅದನ್ನ ನಿನ್ನೆ ಸಂಜೀಗೆ ಹೇಳಿದ್ದರ ನಾನ ಬಿಟ್ಟುಕೊಡ್ತಿದ್ದೆ." ಹೇಳಿದ ಮೇಲೆ ದಾಕ್ಷಾಯಿಣಿಗೇ ಅನುಮಾನ ಬಂತು, ಬಿಟ್ಟುಕೊಡುತ್ತಿದ್ದೆನೇ ಎಂದು. ಏನಾದರಾಗಲಿ, ಕೇಳಿಯಾದರೂ ನೋಡಬಹುದಿತ್ತು.

ಆಮೇಲೆ ಮಾತು ನಿಂತಿತು. ಕಾರವಾರದ ಪಂದ್ಯ ಹತ್ತಿರ ಬಂದಾಗ ಒಂದು ಮಧ್ಯಾಹ್ನ ನಿರುಪಮಾ ಜೋಳದ ಡಬ್ಬಿ ಹಿಡಿದು ಗಿರಣಿಗೆ ಬಂದಳು. ಮಾಳಮಡ್ಡಿಯಿಂದ ಇಲ್ಲಿಗೆ ಬರುವ ದಾರಿಯಲ್ಲಿ ಗಿರಣಿಗಳಿಗೇನೂ ಬರವಿರಲಿಲ್ಲ. ದಾಕ್ಷಾಯಿಣಿ ಬೀಸಿಕೊಟ್ಟಳು. ನಿರುಪಮಾ ಡಬ್ಬಿಯ ಮುಚ್ಚಳ ತಿರುವುತ್ತ ಕೇಳಿದಳು.

"ಉಸುಕಿನ್ಯಾಗ ಹವಾ ಎಷ್ಟು ಇಡ್ಲಿ? ಹೋದ ವರ್ಷ ಅರ್ಧಕ್ಕ ಹುಗದು ನಿಂತಿದ್ದೆ."

ಬಿಗಿಯಾಗಿರಲಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಉಳಿದದ್ದನ್ನು ಕಾರವಾರದ ದಂಡೆಯೇ ನೋಡಿಕೊಳ್ಳುತ್ತಿತ್ತು. ಆ ಮಾತು ದಾಕ್ಷಾಯಿಣಿಯ ನಾಲಿಗೆಯ ತುದಿಗೂ ಬಂತು.

"ಹೆಬ್ಬೆರಳು ಒತ್ತಿದ್ರ ರಿಮ್ಮಿಗೆ ತಾಗೂ ಹಂಗ ಇಡು," ಎಂದಳು. "ಸಪಾಟು ಟೈರ ಹಾಕು, ಹಲ್ಲಿಂದು ಉಸುಕು ಅಗಿತೈತಿ. ಮೆತ್ತನ್ನ ಟ್ಯೂಬು ಹಾಕು. ಅಲ್ಲಿ ಕಲ್ಲಿಲ್ಲ, ಹೆದರಬ್ಯಾಡ."

"ಅಷ್ಟು ಕಡಿಮಿ?" ನಿರುಪಮಾ ಅವಳ ಮುಖವನ್ನೇ ನೋಡಿದಳು. "ಖರೇನ ಹೇಳ್ಲಿಕತ್ತೀ?"

"ಖರೇನ."

"ನನ್ನ ಮ್ಯಾಲೆ ಸಿಟ್ಟಿಲ್ಲಲ್ಲ ನಿನಗ?"

"ಐತಿ."

ನಿರುಪಮಾ ತಲೆಯಾಡಿಸಿ, ಡಬ್ಬಿ ಎತ್ತಿಕೊಂಡು ಹೊರಗೆ ಹೋದಳು. ಸ್ಕೂಟರಿನ ಹತ್ತಿರ ನಿಂತು ಯಾರಿಗೋ ಫೋನು ಹಚ್ಚಿದಳು. ಬಾಗಿಲ ತನಕ ಬಂದಿದ್ದ ದಾಕ್ಷಾಯಿಣಿಗೆ ಸ್ಪಷ್ಟವಾಗಿ ಕೇಳಿಸಿತು.

"ಅತುಲ, ನೀ ಉಸುಕಿನ್ಯಾಗ ಸೈಕಲ್ ಹೊಡದಾಂವ, ಹವಾ ಎಷ್ಟು ಇಡಬೇಕೋ? ಇಲ್ಲೆ ಯಾರೋ ಒಬ್ರು ಹೇಳಿದ್ರು, ನಂಬಿಕಿ ಬರವಲ್ದು."

ದಾಕ್ಷಾಯಿಣಿ ಒಳಗೆ ಬಂದು ಮುಂದಿನವರ ಗೋಧಿಯನ್ನು ಸುರಿದಳು. ಹೊಲದಲ್ಲಿ ಸೋತ ದಿನ ಅವಳಿಗೆ ಹೆಗಲಷ್ಟೇ ನೊಂದಿತ್ತು.