ಮಿರ್ಜಾನ ಕೋಟೆಯಲ್ಲಿ ನಕ್ಕು ನಿಂತದ್ದು

ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರನ್ನೇ ಎಲ್ಲಿಗೂ ಕಳಿಸದ ನಮ್ಮ ಮಂದಿ, ಅದೇ ಇಬ್ಬರನ್ನು ಅಪ್ಪಿಕೊಂಡಂತೆ ನಿಲ್ಲಿಸಿ ಫೋಟೊ ತೆಗೆಸಲು ಮಾತ್ರ ಟೆಂಪೊ ಮಾಡಿಕೊಂಡು ಹೊರಡುತ್ತಾರೆ. ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ ನಮ್ಮ ಸವಾರಿಯೂ ಹೊರಟಿತು. ರಾಣೆಬೆನ್ನೂರಿನಲ್ಲಿ ನಾನು ಮತ್ತು ಅವ್ವನ ತಂಗಿ ಚಿಗವ್ವ ಹತ್ತಿದೆವು, ಬ್ಯಾಡಗಿಯಲ್ಲಿ ಅವರು ಮತ್ತು ಅವರ ಅಕ್ಕ. ‘ಅವರು’ ಎಂದರೆ ನನ್ನನ್ನು ಮದುವೆಯಾಗಲಿದ್ದವರು, ಮೆಣಸಿನಕಾಯಿ ವ್ಯಾಪಾರದ ಮನೆತನ. ಹಾವೇರಿ, ಶಿರಸಿ ದಾಟಿ ಘಟ್ಟ ಇಳಿದು ಕುಮಟಾ ಹತ್ತಿರದ ಮಿರ್ಜಾನ ಕೋಟೆ ಮುಟ್ಟುವವರೆಗೂ ಹೆಂಗಸರು ಮುಂದೆ ಕೂತಿದ್ದೆವು, ಅವರು ಹಿಂದೆ ಫೋಟೊಗ್ರಾಫರನ ಜೊತೆ.

ನನಗೆ ಫೋಟೊ ಬೇಕಿರಲಿಲ್ಲ, ಒಂದು ಮಾತು ಬೇಕಿತ್ತು. ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆ. ಒದ್ದೆ ಕಾಗದದಲ್ಲಿ ಬೀಜ ಸುತ್ತಿಟ್ಟು, ಕೆಲವು ದಿನಗಳ ಮೇಲೆ ಬಿಡಿಸಿ ಯಾವುದು ಮೊಳೆಯಿತು, ಯಾವುದು ಸತ್ತಿತು ಎಂದು ನೋಡುವುದು. ಬೇರೆಯವರಿಗೆ ಬೇಸರದ ಕೆಲಸ ಅನಿಸಬಹುದು, ನನಗೆ ಅದೆಂದರೆ ಪ್ರಾಣ. ನಿಶ್ಚಯದ ದಿನ ಅವರ ಅಕ್ಕ, “ನಮ್ಮನ್ಯಾಗ ಸೊಸಿಯಂದ್ರು ಕೆಲಸಕ್ಕ ಹೋಗೂ ಪದ್ಧತಿ ಇಲ್ರಿ,” ಎಂದಾಗ ಅವರು ತಟ್ಟೆಯಲ್ಲಿದ್ದ ಉಂಡಿ ಮುರಿಯುತ್ತ ಕೂತಿದ್ದರು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಫೋನಿನಲ್ಲಿ ಕೇಳಬಹುದಿತ್ತು, ಆದರೆ ಅವರ ಫೋನು ಅಂಗಡಿಯ ಗದ್ದಲದಲ್ಲಿ, ನನ್ನದು ಅವ್ವನ ಕಿವಿಯ ಪಕ್ಕ. ಮುಖ ನೋಡಿಯೇ ಕೇಳಬೇಕು ಎಂದು ಗಟ್ಟಿ ಮಾಡಿಕೊಂಡಿದ್ದೆ.

ದಾವಣಗೆರೆಯಿಂದ ಬಾಡಿಗೆಗೆ ತಂದ ನೀಲಿ ಗೌನು ಒಂದಳತೆ ಸಣ್ಣದು. ಪೂರ್ತಿ ಉಸಿರು ಎಳೆದರೆ ಹೊಲಿಗೆ ಬಿಡುವಂತಿತ್ತು. ಹಿಂದೆ ಹತ್ತು ಮೊಳ ಸೆರಗಿನಂಥ ಬಾಲ ಬೇರೆ. ಮಳೆಗಾಲ ಆಗಷ್ಟೇ ಮುಗಿದು ಕೋಟೆಯ ಕೆಂಪು ಕಲ್ಲಿಗೆಲ್ಲ ಪಾಚಿ ಹಿಡಿದಿತ್ತು. ಬಾಲ ಕೆಸರಾಗದಂತೆ ಎತ್ತಿ ಹಿಡಿಯುವ ಕೆಲಸ ಚಿಗವ್ವನದು. ಹಾಗಾಗಿ ನಾನು ಎಲ್ಲಿ ಹೋದರೂ ಹತ್ತು ಮೊಳ ಹಿಂದೆ ಅವಳು ಇದ್ದೇ ಇರುತ್ತಿದ್ದಳು.

ಕಂದಕ ದಾಟಿ ಒಳಗೆ ಹೋದರೆ ಕಣ್ಣಿಗೆ ತಂಪಾಗುವಷ್ಟು ಹುಲ್ಲು, ದೊಡ್ಡ ದೊಡ್ಡ ಮರ, ಮೆಟ್ಟಿಲಿಳಿದು ಹೋಗುವ ಬಾವಿ. ಒಬ್ಬಳೇ ಬಂದಿದ್ದರೆ ಸಂಜೆತನಕ ತಿರುಗಾಡುತ್ತಿದ್ದೆ. ಇಲ್ಲಿಂದ ಒಬ್ಬ ರಾಣಿ ಕಾಳುಮೆಣಸಿನ ವ್ಯಾಪಾರ ನಡೆಸಿದ್ದಳಂತೆ ಎಂದು ಫೋಟೊಗ್ರಾಫರ ಹೇಳಿದ. ಅವರ ಅಕ್ಕ ಹಿಗ್ಗಿ, “ನೋಡವಾ, ನಮ್ಮಂಗ ವ್ಯಾಪಾರಸ್ಥರ ಪೈಕಿ!” ಎಂದರು. ಆಕೆಗೆ ಕೆಲಸ ಬಿಡು ಎಂದವರು ಯಾರೂ ಇರಲಿಲ್ಲವೇನ್ರಿ ಎಂದು ಬಾಯಿತನಕ ಬಂತು. ನುಂಗಿದೆ.

ಮರದ ಕೆಳಗೆ ಫೋಟೊಗ್ರಾಫರ ನಮ್ಮಿಬ್ಬರ ಹಣೆಗೆ ಹಣೆ ಹಚ್ಚಿಸಿದ. ಇದೇ ಹೊತ್ತು ಎಂದು ಮೆಲ್ಲಗೆ, “ನಿಮ್ಮ ಜೋಡಿ ಒಂದು ಮಾತು ಆಡೂದೈತ್ರಿ,” ಎಂದೆ. “ಮೇಡಂ, ತುಟಿ ಅಲ್ಲಾಡ್ಸಬ್ಯಾಡ್ರಿ!” ಎಂದು ಅವನು ಕೂಗಿದ. ಬಾವಿಯ ಹತ್ತಿರ ಅವರ ಅಕ್ಕ ಕಾಲರು ಸರಿಮಾಡಲು ನಡುವೆ ಬಂದರು. ಗೋಡೆಯ ಹತ್ತಿರ ಚಿಗವ್ವ ನನ್ನ ಬೆವರು ಒರೆಸಲು ಬಂದಳು. ಇಡೀ ದಿನ ಅವರ ತೋಳಿನಲ್ಲೇ ಇದ್ದೆ, ಒಂದು ಮಾತಿಗೆ ಜಾಗ ಸಿಗಲಿಲ್ಲ. ಅಳು ಬರುವಷ್ಟು ಸಿಟ್ಟು ಬಂದಿತ್ತು, ನಗುವುದು ಮಾತ್ರ ತಪ್ಪಲಿಲ್ಲ.

ಬಿಸಿಲು ಇಳಿಯುವಾಗ ಕೊನೆಯ ಫೋಟೊ ದೂರದಿಂದ ಎಂದ. ನಮ್ಮಿಬ್ಬರನ್ನೂ ಬುರುಜಿನ ಮೇಲೆ ಹತ್ತಿಸಿ, ಗೌನಿನ ಬಾಲವನ್ನು ಮೆಟ್ಟಿಲ ಮೇಲೆ ಹರವಿಸಿದ. “ಅಮ್ಮಾರ, ನೀವು ಫೋಟೋದಾಗ ಬರ್ತೀರಿ, ಕೆಳಗ ಬರ್ರಿ,” ಎಂದು ಚಿಗವ್ವನನ್ನು ಇಳಿಸಿಕೊಂಡ. ಆಮೇಲೆ ಹುಲ್ಲಿನ ಆ ಕಡೆಯಿಂದ ಕೂಗಿದ: “ನಕ್ಕೊಂತ ಏನರೆ ಮಾತಾಡ್ರಿ! ಇಲ್ಲಿಗೆ ಕೇಳೂದಿಲ್ಲ!”

ನಕ್ಕೊಂಡೇ ಕೇಳಿದೆ. “ಮದುವಿ ಆದ ಮ್ಯಾಲೂ ನಾ ಕೆಲಸಕ್ಕ ಹೋಗ್ತೇನ್ರಿ. ಬ್ಯಾಡಗಿಯಿಂದ ಮುಂಜಾನಿ ಬಸ್ಸಿಗೆ ಹೋಗಿ ಸಂಜಿಗೆ ಬರ್ತೇನಿ. ನೀವು ಹೂಂ ಅಂದ್ರ ಸಾಕು.”

ಅವರೂ ನಗುತ್ತಲೇ ಕೆಳಗೆ ನಿಂತಿದ್ದ ಅಕ್ಕನ ಕಡೆ ಒಮ್ಮೆ ನೋಡಿದರು. “ಅಪ್ಪನ್ನ ಕೇಳಿ ಹೇಳ್ತೇನಿ.”

“ನಿಮ್ಮ ಮನಸಿನ್ಯಾಗ ಏನೈತ್ರಿ?”

“ಅದರಾಗ ನಂದೇನೈತಿ? ಅಪ್ಪನ್ನ ಕೇಳ್ತೇನಿ.”

“ಭಾಳ ಚಲೋ ಬಂತು! ಹಂಗ ನಿಂದರ್ರಿ, ಅಲ್ಲಾಡಬ್ಯಾಡ್ರಿ!” ಎಂಬ ಕೂಗು ಬಂತು.

ಒಲ್ಲೆ ಅನ್ನಬಹುದಿತ್ತು. ಆದರೆ ನಮ್ಮಪ್ಪ ಅಷ್ಟೊತ್ತಿಗೆ ಅರ್ಧ ಪತ್ರಿಕೆ ಹಂಚಿಬಿಟ್ಟಿದ್ದ. ಒಂದು ಹೆಜ್ಜೆ ಇಟ್ಟರೂ ಗೌನು ಕಾಲಿಗೆ ತೊಡರುತ್ತಿತ್ತು. ನಾನು ಹೆದರಿದೆ, ಅದೇ ಖರೆ. ಫೋಟೊಗ್ರಾಫರ ಸಾಕು ಅನ್ನುವತನಕ ಹಲ್ಲು ಬಿಟ್ಟುಕೊಂಡು ನಿಂತೆ.

ಆ ದಿನದ ಫೋಟೊಗಳಲ್ಲಿ ಎಲ್ಲರಿಗೂ ಹಿಡಿಸಿದ್ದು ಅದೊಂದೇ. ಕಲ್ಯಾಣಮಂಟಪದ ಬಾಗಿಲಿಗೆ ಆಳೆತ್ತರ ಮಾಡಿಸಿ ನಿಲ್ಲಿಸಿದ್ದರು, ಈಗ ಬ್ಯಾಡಗಿಯ ಮನೆಯಲ್ಲಿ ಸೋಫಾದ ಮೇಲೆ ತೂಗುಹಾಕಿದ್ದಾರೆ. ಬಂದವರೆಲ್ಲ ಅದನ್ನು ನೋಡಿ, “ಅಂಥಾದ್ದೇನ ಅಂದ್ನವಾ, ಇಷ್ಟ್ ನಗಾಕತ್ತೀದಿ?” ಎಂದು ನನ್ನನ್ನು ಕಾಡಿಸುತ್ತಾರೆ. ಅವರು ಪಕ್ಕದಲ್ಲೇ ಕೂತು ನಗುತ್ತಿರುತ್ತಾರೆ. ಮದುವೆಯಾಗಿ ಮೂರು ವರ್ಷವಾಯಿತು. ಅಪ್ಪನನ್ನು ಅವರು ಇನ್ನೂ ಕೇಳಿಲ್ಲ.