ಬಾಗಿಲಿಗೆ ಮುಖಮಾಡಿದ ಬೂಟುಗಳು

ಡ್ಯಾನ್ಯೂಬ್ ನದಿ ದಂಡೆಯ ಗಲಾತ್ಸ್ ಊರಿನಲ್ಲಿ, ಹಳೆಯ ವಠಾರವೊಂದರ ಮೇಲಿನ ಮಹಡಿಯಲ್ಲಿ ಸ್ಮರಾಂಡಾ ತನ್ನ ಅಕ್ಕ ಝೆನೋವಿಯಾಳ ಜೊತೆ ಇದ್ದಳು. ಸ್ಮರಾಂಡಾ ಹಡಗುಕಟ್ಟೆಯ ಕ್ಯಾಂಟೀನಿನಲ್ಲಿ ಆಯುಷ್ಯವೆಲ್ಲ ನಿಂತೇ ದುಡಿದವಳು. ಎಡ ಮಂಡಿ ಸವೆದು, ಆಪರೇಷನ್ ಆಗಿ, ಕಾಲೆಳೆದುಕೊಂಡು ನಡೆಯುವಂತಾಗಿತ್ತು. ದಿನಾ ಅಡ್ಡಾಡದಿದ್ದರೆ ಮಂಡಿ ಬಿಗಿದುಹೋಗುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅವಳು ಮರೆಯುತ್ತಿದ್ದಳು, ಅಥವಾ ಮರೆತಂತೆ ನಟಿಸುತ್ತಿದ್ದಳು. ಅದಕ್ಕೇ ಝೆನೋವಿಯಾ ಬೆಳಿಗ್ಗೆ ಎದ್ದವಳೇ ತಂಗಿಯ ಬೂಟುಗಳನ್ನು ಬಾಗಿಲಿಗೆ ಮುಖಮಾಡಿ ಇಡುತ್ತಿದ್ದಳು.

"ನೋಡೇ ಸೋಮಾರಿ, ಅವು ಆಗ್ಲೇ ಹೊರಟು ನಿಂತಿವೆ. ನೀನೊಬ್ಳು ಬಾಕಿ."

ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಝೆನೋವಿಯಾ ತೀರಿಕೊಂಡಳು. ಮಣ್ಣು ಮಾಡಿ ಬಂದ ಸ್ಮರಾಂಡಾ ಬೂಟುಗಳನ್ನು ಬೀರುವಿನ ತಳದ ಅರೆಯೊಳಕ್ಕೆ ಕಾಲಿನಿಂದಲೇ ತಳ್ಳಿ, ಟೀವಿಯ ಮುಂದೆ ಕೂತುಬಿಟ್ಟಳು. ಹಿಮ ಕರಗುವ ಹೊತ್ತಿಗೆ ಕುರ್ಚಿಯಿಂದ ಏಳಲೂ ಮೇಜು ಹಿಡಿಯಬೇಕಾಯಿತು.

ಆಗ ಒಂದು ಬೆಳಿಗ್ಗೆ ಬೂಟುಗಳು ಬಾಗಿಲಿಗೆ ಮುಖಮಾಡಿ ನಿಂತಿದ್ದವು.

ಒಳಗೆ ತಳ್ಳಿದಳು. ಮರುದಿನ ಮತ್ತೆ ಅಲ್ಲೇ. ಕೆಳಮನೆಯ ಪನಾಯಿತ್‌ನನ್ನು ಕರೆದು ಬೀಗ ಬದಲಿಸಲು ಹೇಳಿದಳು.

"ಕಳ್ಳ ಬಂದು ಬೂಟು ಜೋಡಿಸಿಟ್ಟು ಹೋಗ್ತಾನಾ ಸ್ಮರಾಂಡಕ್ಕಾ? ಅಂಥವನನ್ನ ನಮ್ಮನೆಗೂ ಕಳಿಸಿ, ನನ್ನ ಹೆಂಡ್ತಿಗೆ ಕೆಲ್ಸ ಕಮ್ಮಿಯಾಗುತ್ತೆ," ಎಂದು ನಕ್ಕ.

ಹೊಸ ಬೀಗ ಬಿದ್ದ ಮಾರನೆಯ ಬೆಳಿಗ್ಗೆಯೂ ಬೂಟುಗಳು ಹೊರಟು ನಿಂತಿದ್ದವು. ಈ ಸಲ ಪನಾಯಿತ್ ನಗಲಿಲ್ಲ. ಶಿಲುಬೆಯ ಗುರುತು ಹಾಕಿಕೊಂಡು ಮೆಟ್ಟಿಲಿಳಿದ.

ಆ ಸಂಜೆ ಸ್ಮರಾಂಡಾ ನೆಲದ ತುಂಬ ಜೋಳದ ಹಿಟ್ಟು ಉದುರಿಸಿ ಮಲಗಿದಳು. ಬೆಳಗಾದಾಗ ಹಿಟ್ಟಿನಲ್ಲಿ ಬರಿಗಾಲಿನ ಹೆಜ್ಜೆಗಳಿದ್ದವು. ಅವು ಅವಳ ಮಂಚದಿಂದಲೇ ಹೊರಟಿದ್ದವು. ಸೊಟ್ಟ ಕಿರುಬೆರಳು ಅವಳದೇ. ನಿದ್ದೆಯಲ್ಲಿ ತಾನೇ ಎದ್ದು ನಡೆದಿದ್ದೇನೆ, ಅಷ್ಟೇ ಎಂದು ಉಸಿರು ಬಿಟ್ಟಳು.

ಮತ್ತೆ ಬಗ್ಗಿ ನೋಡಿದಳು. ಕಾಲೆಳೆದ ಗೀರು ಎಲ್ಲೂ ಇರಲಿಲ್ಲ. ಬೀರುವಿನ ಮುಂದೆ ಎರಡು ದುಂಡನೆಯ ಗುರುತುಗಳಿದ್ದವು: ಯಾರೋ ಎರಡೂ ಮಂಡಿಯೂರಿ ಕೂತಿದ್ದರು. ಅವಳ ಎಡ ಮಂಡಿ ನೆಲಕ್ಕೂರುವಷ್ಟು ಮಡಚಿ ತಿಂಗಳುಗಳೇ ಆಗಿದ್ದವು.

ಬಾಗಿಲಿಗೆ ಮುಖಮಾಡಿ ನಿಂತ ಬೂಟುಗಳತ್ತ ತಿರುಗಿದಳು. ಖಾಲಿ ಮನೆಗೆ ಕೇಳುವಂತೆ, "ಸರಿ ಅಕ್ಕಾ, ಕಾಟ ಕೊಡ್ಬೇಡ. ಹೊರಟೆ," ಎಂದಳು.

ಅಂದು ವಠಾರದ ಮೂಲೆಯವರೆಗೆ ಹೋಗಿ ಬಂದಳು. ಆಮೇಲೆ ನದಿಯವರೆಗೆ. ಲಿಂಡನ್ ಮರಗಳು ಹೂಬಿಟ್ಟಾಗ ದೋಣಿಕಟ್ಟೆಯವರೆಗೂ ನಡೆಯುತ್ತಿದ್ದಳು.

ಮಂಡಿ ಮಡಚಿ ನೋಡಿದ ಡಾಕ್ಟರು ಖುಷಿಯಾದರು. "ತಪ್ಪದೆ ನಡೆದಿದ್ದೀರಿ ಅಮ್ಮಾ. ಮನೇಲಿ ಯಾರು ನೆನಪು ಮಾಡ್ತಾರೆ?"

ಸ್ಮರಾಂಡಾ ಕೋಟಿನ ಗುಂಡಿ ಹಾಕಿಕೊಂಡು, ನಡೆದೇ ಮನೆಗೆ ಹೋದಳು.